ನೋವು ಹೋದ ಮೇಲೆ

ಅಮೃತೂರಿನಿಂದ ಕುಣಿಗಲ್ ಮೇಲೆ ಬಸ್ಸು ಹಿಡಿದು ತುಮಕೂರಿನ ಸಿದ್ಧಾರ್ಥ ದಂತ ಕಾಲೇಜಿಗೆ ಹೋದದ್ದು ದವಡೆ ಹಲ್ಲಿನ ನೋವು ತಾಳಲಾರದೆ. ರೂಟ್ ಕೆನಾಲ್ ಆಗಬೇಕೆಂದರು. ಉಪಕರಣ ಹಿಡಿದವಳು ನನ್ನ ಮಗಳ ವಯಸ್ಸಿನ ವಿದ್ಯಾರ್ಥಿನಿ. ಪಕ್ಕದಲ್ಲೇ ಅಧ್ಯಾಪಕರಿದ್ದರೂ ‘ಕಲಿಯಲು ನನ್ನ ಹಲ್ಲೇ ಬೇಕಿತ್ತೇ?’ ಎನ್ನಿಸಿತು.

ಕೆಟ್ಟ ನರ ತೆಗೆದು, 3 ನಾಳಗಳನ್ನೂ ತೊಳೆದು, ಔಷಧಿಯಿಟ್ಟು ತಾತ್ಕಾಲಿಕ ಸಿಮೆಂಟು ಮುಚ್ಚಿದಳು. “ಮುಂದಿನ ವಾರ ತಪ್ಪದೆ ಬನ್ನಿ ಆಂಟಿ” ಎಂದಳು. ಅಂದು ರಾತ್ರಿ ಚೆನ್ನಾಗಿ ನಿದ್ದೆ ಬಂತು. ನೋವಿನ ಜೊತೆಗೆ ಕೊಟ್ಟ ಮಾತೂ ಮರೆತುಹೋಯಿತು. ನೆಂಟರು, ಮನೆಗೆಲಸ ಅಂತ 3 ವಾರ ಕಳೆದೆ.

ಅವಳೇ ಫೋನು ಮಾಡಿದಳು. ಪರೀಕ್ಷೆಯ ಲೆಕ್ಕಕ್ಕೆ ನಾನು ಬೇಕಾಗಿರಬೇಕು ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ: “ಸಿಮೆಂಟು ಬಿದ್ದಿಲ್ಲ ತಾನೇ? ಸಂದಿಯಲ್ಲಿ ಎಂಜಲು ಇಳಿದರೆ ಮತ್ತೆ ಕೀವಾಗುತ್ತೆ.”

ನಾಚಿಕೆಯಾಯಿತು. ನಮಗೆಲ್ಲ ಪಳಗಿದ ಕೈಯೇ ಬೇಕು. ಆ ಕೈ ಯಾರ ಬಾಯಲ್ಲಿ ಪಳಗಬೇಕು? ಕಡಿಮೆ ಖರ್ಚೆಂದು ಹೋದವಳು ನಾನು, ಉಪಕಾರ ಮಾಡಿದವಳಂತೆ ಬೀಗಿದ್ದೆ. ಅರ್ಧಕ್ಕೆ ಬಿಟ್ಟರೆ ನನ್ನ ಹಲ್ಲೂ ಅರ್ಧ, ಅವಳ ವಿದ್ಯೆಯೂ ಅರ್ಧ.

ಮರುದಿನವೇ ಹೋದೆ. ನಾಳ ತುಂಬಿಸಿ, ಎಕ್ಸ್‌ರೇ ತೆಗೆದು ಅಧ್ಯಾಪಕರಿಗೆ ತೋರಿಸಿದಳು. ಅವರು ತಲೆಯಾಡಿಸಿದಾಗ ಅವಳ ಮುಖ ನೋಡಬೇಕಿತ್ತು! ಕ್ಯಾಪು ಹಾಕಿಸಲು, ಮತ್ತೆ 6 ತಿಂಗಳ ಮೇಲೆ ಬೇರು ವಾಸಿಯಾಗಿದೆಯೇ ನೋಡಲು ಹೋಗಬೇಕು. ಈಗ ನೋವಿಲ್ಲ. ಆದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.