ಕೊಡದೆ ಉಳಿದ ಪ್ರಶಸ್ತಿ

ಪ್ರಶಸ್ತಿ ಕೊಟ್ಟಾಗ ವಿವಾದವೇಳುವುದು ನಮಗೆ ಹೊಸದಲ್ಲ. ಆದರೆ ಕೊಡದೇ ಇದ್ದುದಕ್ಕೂ ಚರ್ಚೆ ನಡೆಯುವುದುಂಟು. ನೆರೆಯ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೀಗೆ ನಡೆದ ಎರಡು ಪ್ರಸಂಗಗಳು ಒಂದು ನೈತಿಕ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ. ಅರ್ಹರಿಲ್ಲವೆಂದು ತೋರಿದಾಗ ಪ್ರಶಸ್ತಿಯನ್ನು ತಡೆಹಿಡಿಯುವುದು ನ್ಯಾಯವೇ?

ಕೇರಳ ಸರಕಾರವು 1969ರಿಂದ ಚಲನಚಿತ್ರಗಳಿಗೆ ಪ್ರಶಸ್ತಿ ನೀಡುತ್ತಾ ಬಂದಿದೆ. ಟಿ.ವಿ. ಕಾರ್ಯಕ್ರಮಗಳಿಗೆ ಪ್ರತ್ಯೇಕ ಪ್ರಶಸ್ತಿಗಳಿವೆ. ಇಂದು ಎರಡನ್ನೂ ನೋಡಿಕೊಳ್ಳುವುದು 1998ರಲ್ಲಿ ಸ್ಥಾಪನೆಯಾದ ರಾಜ್ಯ ಚಲನಚಿತ್ರ ಅಕಾಡೆಮಿ. 2020ರ ಟಿ.ವಿ. ಪ್ರಶಸ್ತಿಗಳು 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದಾಗ ಅತ್ಯುತ್ತಮ ಧಾರಾವಾಹಿಯ ಸ್ಥಾನ ಖಾಲಿಯಿತ್ತು. ಯೋಗ್ಯವಾದುದು ಒಂದೂ ಇಲ್ಲವೆಂದ ತೀರ್ಪುಗಾರರು, ಧಾರಾವಾಹಿಗಳಲ್ಲಿ ಮಹಿಳೆಯರನ್ನೂ ಮಕ್ಕಳನ್ನೂ ಕೀಳಾಗಿ ಚಿತ್ರಿಸುತ್ತಿರುವುದರ ಬಗ್ಗೆ ಕಳವಳ ವ್ಯಕ್ತಪಡಿಸಿದರು.

2024ರ ಚಲನಚಿತ್ರ ಪ್ರಶಸ್ತಿಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕನ್ನಡಿಗರಿಗೆ ಚಿರಪರಿಚಿತರಾದ ನಟ ಪ್ರಕಾಶ್ ರಾಜ್ ಆ ಸಮಿತಿಯ ಅಧ್ಯಕ್ಷರಾಗಿದ್ದರು. ಈ ಬಾರಿ ಅತ್ಯುತ್ತಮ ಮಕ್ಕಳ ಚಿತ್ರ ಮಾತ್ರವಲ್ಲ, ಬಾಲನಟ-ಬಾಲನಟಿ ಪ್ರಶಸ್ತಿಗಳೂ ಯಾರಿಗೂ ಸಿಗಲಿಲ್ಲ. ಸಮಾಜದಲ್ಲಿ ಮಕ್ಕಳೂ ಇದ್ದಾರೆಂಬುದನ್ನು ಚಿತ್ರ ತಯಾರಿಸುವವರು ನೆನಪಿಡಬೇಕೆಂದು ಅಧ್ಯಕ್ಷರು ಹೇಳಿದರು. ಬಾಲನಟಿಯೊಬ್ಬಳು ಇದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದಳು.

ಇದ್ದುದರಲ್ಲಿ ಉತ್ತಮವಾದುದನ್ನು ಆರಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಓಟದ ಸ್ಪರ್ಧೆಯಲ್ಲಾದರೆ ಅದು ಸರಿ. ಎಲ್ಲರೂ ನಿಧಾನವಾಗಿ ಓಡಿದರೂ ಮೊದಲು ತಲುಪಿದವನೇ ಪ್ರಥಮ. ಆದರೆ ರಾಜ್ಯ ಪ್ರಶಸ್ತಿ ಕೇವಲ ಸ್ಪರ್ಧೆಯಲ್ಲ, ಅದೊಂದು ಸಾಕ್ಷ್ಯ. "ಇದು ಒಳ್ಳೆಯದು, ಇದನ್ನು ಮಾದರಿಯಾಗಿಸಿಕೊಳ್ಳಿ" ಎಂದು ಜನರ ಹೆಸರಿನಲ್ಲಿ, ಜನರ ಹಣದಲ್ಲಿ ಹೇಳುವ ಮಾತು. ಕೆಡುಕೆಂದು ತಮಗೆ ಮನವರಿಕೆಯಾದುದನ್ನು ಒಳ್ಳೆಯದೆಂದು ಸಾರಿದರೆ ಅದು ಸುಳ್ಳು ಸಾಕ್ಷ್ಯವಾಗುತ್ತದೆ. ಆದ್ದರಿಂದ ತಡೆಹಿಡಿಯುವ ಹಕ್ಕು ತೀರ್ಪುಗಾರರಿಗೆ ಇರಲೇಬೇಕು.

ಆದರೆ ಹಕ್ಕಿನೊಂದಿಗೆ ಹೊಣೆಯೂ ಇದೆ. ಕೊಡದಿರುವುದು ಒಂದು ಬಗೆಯ ಶಿಕ್ಷೆ. ಶಿಕ್ಷೆ ತಪ್ಪಿಗೆ ಕಾರಣರಾದವರಿಗೇ ತಲುಪಬೇಕು. ಧಾರಾವಾಹಿಯ ಕಥೆ ಹೇಗಿರಬೇಕೆಂದು ನಿರ್ಧರಿಸುವವರು ಚಾನೆಲ್‌ನವರು, ನಿರ್ಮಾಪಕರು, ಬರಹಗಾರರು. 2021ರ ತೀರ್ಪು ಅವರನ್ನು ಸರಿಯಾಗಿಯೇ ತಟ್ಟಿತು. ಅದೇ ಬಾರಿ 'ಚಕ್ಕಪ್ಪಳಂ' ಕಾರ್ಯಕ್ರಮದ ಅಭಿನಯಕ್ಕಾಗಿ ಅಶ್ವತಿ ಶ್ರೀಕಾಂತ್ ಅತ್ಯುತ್ತಮ ನಟಿಯಾದರು. ಅಂದರೆ ಅಂದಿನ ತೀರ್ಪಿನಲ್ಲಿ ಕೃತಿಯ ದೋಷ ಬೇರೆ, ಕಲಾವಿದರ ಶ್ರಮ ಬೇರೆ ಎಂಬ ವಿವೇಕವಿತ್ತು.

2025ರಲ್ಲಿ ಈ ಗೆರೆ ಮಸುಕಾಯಿತೆಂದೇ ಹೇಳಬೇಕು. ಮಕ್ಕಳಿಗಾಗಿ ಒಳ್ಳೆಯ ಚಿತ್ರ ಬರಲಿಲ್ಲವೆಂದರೆ ಅದು ದೊಡ್ಡವರ ವೈಫಲ್ಯ. ಆ ಪ್ರಶಸ್ತಿಯನ್ನು ತಡೆಹಿಡಿದಿದ್ದರೆ ಸಾಕಿತ್ತು. ಮಕ್ಕಳು ದೊಡ್ಡವರ ಚಿತ್ರಗಳಲ್ಲೂ ನಟಿಸುತ್ತಾರೆ. ಚಿತ್ರಕಥೆ ಬರೆಯುವವರು ಅವರಲ್ಲ, ಹಣ ಹೂಡುವವರೂ ಅವರಲ್ಲ. ಅವರ ಅಭಿನಯವೇ ಸೊರಗಿತ್ತೆಂದಾದರೆ ಅದನ್ನು ಸ್ಪಷ್ಟವಾಗಿ ಹೇಳಬೇಕಿತ್ತು. ಹಿರಿಯರಿಗೆ ಕೊಡುವ ಎಚ್ಚರಿಕೆಯ ಬೆಲೆಯನ್ನು ಮಕ್ಕಳಿಂದ ವಸೂಲು ಮಾಡುವುದು ಯಾವ ನ್ಯಾಯ?

ಕೊನೆಗೆ ಮತ್ತೊಂದು ತೀರ್ಪುಗಾರರ ಮಂಡಳಿಯೂ ಇದೆ. ಅದು ಪ್ರತಿ ಸಂಜೆ ನಮ್ಮ ನಮ್ಮ ಮನೆಯ ನಡುಮನೆಯಲ್ಲಿ ಸೇರುತ್ತದೆ. ಸೊಸೆಯನ್ನು ಅಳಿಸುವ, ಅತ್ತೆಯನ್ನು ರಾಕ್ಷಸಿಯಾಗಿಸುವ ಕಥೆಗಳು ಮಲಯಾಳದಲ್ಲಿ ಮಾತ್ರವಲ್ಲ, ಕನ್ನಡದಲ್ಲೂ ವರ್ಷಗಟ್ಟಲೆ ಓಡುವುದು ಈ ಮಂಡಳಿಯ ಒಪ್ಪಿಗೆಯಿಂದಲೇ. ಸರಕಾರದ ಸಮಿತಿ ವರ್ಷಕ್ಕೊಮ್ಮೆ ಸ್ಥಾನವನ್ನು ಖಾಲಿ ಬಿಟ್ಟೀತು. ಆದರೆ ನಾವು ಪ್ರತಿದಿನ ಅದೇ ಧಾರಾವಾಹಿಗೆ ಬಹುಮಾನ ಕೊಡುತ್ತಿದ್ದರೆ ತಯಾರಿಸುವವರು ಯಾರ ಮಾತನ್ನು ಕೇಳಿಯಾರು? ತಪ್ಪಿಗೆ ಕಾರಣರಾದವರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.