ಜಲ್ಲಿ ಯಾರದು?

ಮುಂಬಯಿಯ ಘಾಟ್‌ಕೋಪರಿನ ನಮ್ಮ ಬಾಲ್ಕನಿ ಪಡುವಣಕ್ಕಿದೆ, ಮಳೆಗಾಲದ ಎರಚಲು ಗ್ರಿಲ್ಲಿನೊಳಗೆ ನೇರ ಹೊಡೆಯುತ್ತದೆ. ಎಕೆವೇರಿಯಾ, ಹಾವರ್ಥಿಯಾಗಳಿಗೆ ಬುಡ ಒದ್ದೆಯಾಗಿಯೇ ಉಳಿದರೆ ಕೊಳೆ ಹಿಡಿಯಿತೆಂದೇ ಲೆಕ್ಕ. ಹನಿಯ ರಭಸಕ್ಕೆ ಮಣ್ಣು ಸಿಡಿದು ಎಲೆಸಂದಿಯಲ್ಲಿ ಕೂತರೂ ಅಷ್ಟೆ. ಅದಕ್ಕೇ ಕುಂಡದ ಮಣ್ಣಿನ ಮೇಲೆ ಒಂದು ಬೆರಳು ದಪ್ಪ ಕರಿಕಲ್ಲಿನ ಸಣ್ಣ ಜಲ್ಲಿ ಹರವುತ್ತೇನೆ. ಮೊದಲು ತಿಳಿನೀರು ಬರುವ ತನಕ ತೊಳೆಯಬೇಕು. ಕಲ್ಲುಪುಡಿ ಉಳಿದರೆ ಗಾರೆಯಂತೆ ಕಟ್ಟಿಕೊಂಡು ನೀರು ಇಳಿಯಗೊಡುವುದಿಲ್ಲ.

ತೊಳೆಯುತ್ತಿದ್ದಾಗ ಪಕ್ಕದ ಮನೆಯ ಗುಜರಾತಿ ಹಿರಿಯೆ, ನಾವು ‘ಬಾ’ ಎನ್ನುವವರು, ಕೇಳಿದರು: “ಗುಡ್ಡದಲ್ಲಿದ್ದಾಗ ಇವಕ್ಕೂ ಜೀವ ಇತ್ತಲ್ಲ ಬೇಟಾ?” ಅವರು ಜೈನರು. ಅವರ ಮತದಲ್ಲಿ ನೆಲದೊಳಗಿನ ಮಣ್ಣು, ಕಲ್ಲು ಪೃಥ್ವೀಕಾಯ ಜೀವಗಳ ಶರೀರ. ಅವಕ್ಕೆ ಸ್ಪರ್ಶವೆಂಬ ಒಂದೇ ಇಂದ್ರಿಯ. ಬಂಡೆ ಒಡೆದರೆ ಹಿಂಸೆ.

ನಾನು ಮಾಧ್ವರ ಮನೆಯವಳು. ಪಂಚಭೇದವನ್ನು, ಅಂದರೆ ದೇವರು, ಜೀವ, ಜಡಗಳು ಪರಸ್ಪರ ಬೇರೆ ಎಂಬುದನ್ನು, ನಂಬಿದವಳು. ಗಿಡ ಜೀವ, ಜಲ್ಲಿ ಜಡ, ಆ ಭೇದ ಸತ್ಯ. 1811ರಲ್ಲಿ ನಿಸರ್ಗಶಾಸ್ತ್ರಜ್ಞ ವಿಲಿಯಂ ಬರ್ಚೆಲ್ ದಕ್ಷಿಣ ಆಫ್ರಿಕದಲ್ಲಿ ವಿಚಿತ್ರ ಕಲ್ಲೆಂದು ಎತ್ತಿಕೊಂಡದ್ದು ಗಿಡವಾಗಿತ್ತು, ಈಗ ನಾವು ಲಿಥಾಪ್ಸ್ ಎನ್ನುವ ಗಿಡ. ಕಣ್ಣು ಮೋಸ ಹೋಯಿತು, ಭೇದ ಅಳಿಯಲಿಲ್ಲ.

ಆದರೂ ಬಾ ಕೇಳಿದ್ದು ಮನಸ್ಸಿನಲ್ಲಿ ಉಳಿಯಿತು. ಜಡ ಎಂದ ಮಾತ್ರಕ್ಕೆ ನಾನು ಬೇಕಾದಂತೆ ಬಳಸಬಹುದೇ? ‘ತತ್ತ್ವಸಂಖ್ಯಾನ’ದಲ್ಲಿ ಮಧ್ವಾಚಾರ್ಯರು ಮಾಡುವ ಮೊದಲ ವಿಭಾಗ ಚೇತನ–ಅಚೇತನವಲ್ಲ, ಸ್ವತಂತ್ರ–ಅಸ್ವತಂತ್ರ. ಸ್ವತಂತ್ರ ವಿಷ್ಣು ಒಬ್ಬನೇ. ನಾನು, ಗಿಡ, ಜಲ್ಲಿ ಮೂರೂ ಅಸ್ವತಂತ್ರದ ಕಡೆಯವು. ಕಲ್ಲಿಗೆ ನೋವಾಗದಿರಬಹುದು, ಹಾಗೆಂದು ಅದು ನನ್ನದಾಗುವುದಿಲ್ಲ. ಒಡೆಯ ಬೇರೆ ಇದ್ದಾನೆ. ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ ಕಂಬಗಳು, ಕಲ್ಲು ಕಡಿಯುವವರು ತಿಂದು ಉಳಿಸಿದಷ್ಟು, ನೆತ್ತಿಯ ಮೇಲೆ ಗಾಂವ್‌ದೇವಿಯ ಗುಡಿ. ಅಂಥ ಬೆಟ್ಟವನ್ನು ಕುಂಡದ ಅಲಂಕಾರಕ್ಕೆಂದು ಒಡೆಸುವ ಹಕ್ಕು ನನಗಿಲ್ಲ.

ಹಾಗಾಗಿ ಬಣ್ಣದ ಕಲ್ಲು ಕೊಳ್ಳುವುದಿಲ್ಲ. ಗಲ್ಲಿಯ ಹೊಸ ಕಟ್ಟಡಕ್ಕೆ ಸ್ಲ್ಯಾಬ್ ಹಾಕಿ ಮಿಕ್ಕ ಜಲ್ಲಿಯನ್ನು ವಾಚ್‌ಮನ್ನರನ್ನು ಕೇಳಿ ತರುತ್ತೇನೆ. ಗಿಡ ಸತ್ತರೆ ಅದರ ಜಲ್ಲಿಯನ್ನೇ ತೊಳೆದು, ಬಿಸಿಲಿಗೆ ಒಣಗಿಸಿ, ಇನ್ನೊಂದು ಕುಂಡಕ್ಕೆ ಹಾಕುತ್ತೇನೆ.

ಬಾ ಅವರಿಗೆ ಇದು ಅರ್ಧ ಉತ್ತರ. ನೋವಿಲ್ಲವೆಂದು ಹೇಗೆ ಹೇಳುತ್ತೀ ಎಂದು ಈಗಲೂ ಕೇಳುತ್ತಾರೆ. ಕಲ್ಲಿಗೆ ಸುಖದುಃಖವಿದೆ ಎನ್ನಲು ನಾನು ನಂಬುವ ಪ್ರಮಾಣಗಳಲ್ಲಿ ಆಧಾರವಿಲ್ಲ ಎನ್ನುತ್ತೇನೆ. ಮಳೆಗಾಲದ ಚಾತುರ್ಮಾಸದಲ್ಲಿ ಮಾತ್ರ ಇಬ್ಬರೂ ಮಣ್ಣು ಕೆದಕುವುದಿಲ್ಲ. ಅವರಿಗೆ ಅದು ವ್ರತ. ನನ್ನ ಕಾರಣ ಬೇರೆ: ಆ ತೇವದಲ್ಲಿ ಗಿಡಗಳ ಬೇರು ಹರಿದರೆ ಕೊಳೆಯುತ್ತದೆ.