ಕಾನೂನಿಗೂ ಒಪ್ಪಿಗೆ ಪತ್ರ ಬೇಡವೇ?

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ರೋಗಿಯಿಂದ ಒಪ್ಪಿಗೆ ಪತ್ರ ಪಡೆಯುತ್ತಾರೆ. ಎಲ್ಲಿ ಕೊಯ್ಯುತ್ತಾರೆ, ಅಪಾಯವೇನು ಎಂಬುದನ್ನು ಮೊದಲೇ ತಿಳಿಯುವುದು ರೋಗಿಯ ಹಕ್ಕು. ಹಾಗಿದ್ದರೆ ಕೋಟ್ಯಂತರ ಜನರ ಚಿಕಿತ್ಸೆಯ ವ್ಯವಸ್ಥೆಯನ್ನೇ ಕೊಯ್ದು ಹೊಲಿಯುವ ಕಾನೂನನ್ನು ಅವರಿಗೆ ತಿಳಿಸದೆ ಮಾಡಬಹುದೇ? ಉದ್ದೇಶ ಒಳ್ಳೆಯದಿದ್ದರೆ ಸಾಲದೇ? 2017ರಲ್ಲಿ ಅಮೆರಿಕದಲ್ಲಿ ನಡೆದ ಪ್ರಸಂಗವೊಂದು ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

ಒಬಾಮಾ ಅಧ್ಯಕ್ಷರಾಗಿದ್ದಾಗ 2010ರಲ್ಲಿ ಬಂದ ಆರೋಗ್ಯ ವಿಮಾ ಕಾನೂನನ್ನು ರದ್ದುಪಡಿಸುತ್ತೇವೆಂದು ರಿಪಬ್ಲಿಕನ್ ಪಕ್ಷದವರು ಏಳು ವರ್ಷ ಹೇಳುತ್ತ ಬಂದಿದ್ದರು. ಅಧಿಕಾರ ಕೈಗೆ ಬಂತು. ಸೆನೆಟ್ಟಿನಲ್ಲಿ ಅವರ ನಾಯಕ ಮಿಚ್ ಮೆಕಾನೆಲ್. ಹೊಸ ಮಸೂದೆಯ ಬಗ್ಗೆ ಒಂದೇ ಒಂದು ಬಹಿರಂಗ ವಿಚಾರಣೆ ನಡೆಯಲಿಲ್ಲ. ಹದಿಮೂರು ಮಂದಿ ಸದಸ್ಯರ ಗುಂಪೊಂದು ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಿತು. ಹದಿಮೂವರೂ ಗಂಡಸರು, ಹೆರಿಗೆ, ಬಾಣಂತನಗಳ ವಿಮೆಯೂ ಅಲ್ಲಿ ಚರ್ಚೆಗೆ ಬರುವ ವಿಷಯವಾಗಿತ್ತೆಂಬುದನ್ನು ಓದುಗರು ಗಮನಿಸಬೇಕು. ಇನ್ನೂ ವಿಚಿತ್ರವೆಂದರೆ, ಆ ಗುಂಪಿನಲ್ಲೇ ಇದ್ದ ಮೈಕ್ ಲೀ ಎಂಬವರು ತಾವು ಕರಡನ್ನು ಕಂಡೇ ಇಲ್ಲವೆಂದು ಹೇಳಿದರು. ಅಡುಗೆಮನೆಯಲ್ಲಿ ಕೂತವನಿಗೇ ಒಲೆಯ ಮೇಲೇನಿದೆ ಎಂದು ಗೊತ್ತಿಲ್ಲ!

ಜೂನ್ 22ರಂದು ಕರಡು ಹೊರಬಂತು. ಅದು ಜಾರಿಯಾದರೆ 2026ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ 2 ಕೋಟಿ 20 ಲಕ್ಷದಷ್ಟು ಹೆಚ್ಚುತ್ತದೆಂದು ಅಲ್ಲಿನ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಆ ಕರಡು ನಿಲ್ಲಲಿಲ್ಲ. ಕೊನೆಗೆ ಜುಲೈ 27ರ ರಾತ್ರಿ ಎಂಟು ಪುಟಗಳ ಇನ್ನೊಂದು ಮಸೂದೆ ಸದಸ್ಯರ ಕೈಗೆ ಬಂತು. ಕೆಲವೇ ಗಂಟೆಗಳಲ್ಲಿ, ನಡುರಾತ್ರಿ ದಾಟಿದ ಮೇಲೆ ಮತದಾನ. ಮಿದುಳಿನ ಕ್ಯಾನ್ಸರ್ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯ ಗಾಯ ಮಾಯುವ ಮೊದಲೇ ಸದನಕ್ಕೆ ಬಂದಿದ್ದ ಜಾನ್ ಮೆಕೇನ್ ಹೆಬ್ಬೆರಳನ್ನು ಕೆಳಗೆ ತೋರಿಸಿ 'ಬೇಡ' ಎಂದರು. ಅವರದೇ ಪಕ್ಷದ ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಕೂಡ ವಿರೋಧಿಸಿದ್ದರು. ಮಸೂದೆ 49-51ರಲ್ಲಿ ಬಿತ್ತು. ಒಬಾಮಾ ಕಾನೂನಿಗೆ 2009ರಲ್ಲಿ ವಿರುದ್ಧ ಮತ ಹಾಕಿದ್ದವರೇ ಈ ಮೆಕೇನ್. ಮೂರು ದಿನ ಮೊದಲು ಮಾಡಿದ ಭಾಷಣದಲ್ಲಿ ಅವರು ಎರಡೂ ಪಕ್ಷಗಳನ್ನು ದೂರಿ, ಸಮಿತಿಗೆ ಮರಳಿರಿ, ವಿಚಾರಣೆ ನಡೆಸಿರಿ, ಎದುರು ಪಕ್ಷದವರನ್ನೂ ಕೂಡಿಸಿಕೊಳ್ಳಿರಿ ಎಂದಿದ್ದರು.

ಗುಟ್ಟು ಒಂದೇ ಪಕ್ಷದ ಸೊತ್ತೆಂದು ಯಾರೂ ತಿಳಿಯಬಾರದು. 1993ರಲ್ಲಿ ಹಿಲರಿ ಕ್ಲಿಂಟನ್ ನೇತೃತ್ವದ ಕಾರ್ಯಪಡೆಯೂ ಬಾಗಿಲು ಹಾಕಿಕೊಂಡೇ ಯೋಜನೆ ಬರೆಯಿತು. ಎಲ್ಲರಿಗೂ ವಿಮೆ ಎಂಬ ಉದ್ದೇಶ ದೊಡ್ಡದೇ. ಆದರೂ 1994ರಲ್ಲಿ ಅದು ಮತಕ್ಕೂ ಬಾರದೆ ಸತ್ತಿತು. ವಿರೋಧಿಗಳ ಪ್ರಚಾರಕ್ಕೆ ಅದರಲ್ಲಿ ದೊಡ್ಡ ಪಾಲಿತ್ತು, ನಿಜ. ಆದರೆ ಆ ಗುಟ್ಟು ಅವರ ಕೈಗೆ ಒಳ್ಳೆಯ ಆಯುಧವನ್ನೇ ಕೊಟ್ಟಿತ್ತು.

ಇಲ್ಲೊಂದು ಆಕ್ಷೇಪವಿದೆ. 2009ರಲ್ಲಿ ಸೆನೆಟ್ಟಿನ ಎರಡು ಸಮಿತಿಗಳು ತಿಂಗಳುಗಟ್ಟಲೆ ಬಹಿರಂಗವಾಗಿ ಚರ್ಚಿಸಿದವು. ಕೊನೆಯ ಹಂತದ ಕೊಡು-ಕೊಳ್ಳು ಮಾತ್ರ ಒಳಗೇ ನಡೆಯಿತು. ಫಲವೇನು? ಡಿಸೆಂಬರ್ 24ರಂದು 60-39ರಲ್ಲಿ ಮಸೂದೆ ಗೆದ್ದಾಗ ಒಬ್ಬ ರಿಪಬ್ಲಿಕನ್ ಸದಸ್ಯನ ಮತವೂ ಅದಕ್ಕೆ ಬೀಳಲಿಲ್ಲ. ಹೇಗೂ ಒಪ್ಪದವರಿಗಾಗಿ ಬಾಗಿಲು ತೆರೆದಿಟ್ಟು ಕಾಲಹರಣ ಏಕೆ?

ಈ ವಾದ ಎರಡು ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಬಾಗಿಲು ತೆರೆದಿಡುವುದು ಕಾನೂನು ಮಾಡುವವನ ಕರ್ತವ್ಯ. ಒಳಗೆ ಬರುವುದು, ಬಿಡುವುದು ಎದುರಾಳಿಯ ಇಷ್ಟ. ಅವನು ಬರಲಿಲ್ಲವೆಂದು ನನ್ನ ಕರ್ತವ್ಯ ರದ್ದಾಗುವುದಿಲ್ಲ. ತೆರೆದ ಬಾಗಿಲು ಅವನಿಗೆ ಮಾತ್ರವೂ ಅಲ್ಲ. ಆ ಔಷಧಿ ಕುಡಿಯಬೇಕಾದ ರೋಗಿಗೂ ಅದರೊಳಗೆ ಇಣುಕಿ ನೋಡಬೇಕಾಗಿದೆ. ಬಹಿರಂಗಪಡಿಸಿದರೆ ಕೆಟ್ಟುಹೋಗುವ ಉದ್ದೇಶವೇ ಅನ್ಯಾಯದ್ದು ಎಂಬರ್ಥದ ಒರೆಗಲ್ಲನ್ನು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1795ರಷ್ಟು ಹಿಂದೆಯೇ ಕೊಟ್ಟಿದ್ದ.

ಎಲ್ಲ ಗುಟ್ಟೂ ಪಾಪವೆಂದು ನಾನು ಹೇಳುವುದಿಲ್ಲ. ಅಮೆರಿಕದ ಸಂವಿಧಾನವನ್ನೇ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬಾಗಿಲು ಮುಚ್ಚಿ ರಚಿಸಿದರು. ಆದರೆ ಬರೆದದ್ದನ್ನು ಅಚ್ಚು ಹಾಕಿಸಿ ಹಂಚಿದರು. ರಾಜ್ಯ ರಾಜ್ಯಗಳಲ್ಲಿ ತಿಂಗಳುಗಟ್ಟಲೆ ಅದರ ಮೇಲೆ ಜಗಳ ನಡೆಯಿತು. ಓದಲು ಸಮಯ ಕೊಟ್ಟರು ಎಂಬುದೇ ಮುಖ್ಯ. ನಮ್ಮ ಬ್ಯಾಂಕುಗಳಲ್ಲಿ, ಪತ್ರದ ಭಾಷೆ ಅರಿಯದವರು ರುಜು ಹಾಕುವಾಗ 'ತಿಳಿದ ಭಾಷೆಯಲ್ಲಿ ಓದಿ ಹೇಳಲಾಗಿದೆ' ಎಂಬ ಒಕ್ಕಣೆ ಬರೆಸುವ ಪದ್ಧತಿಯಿದೆ. ಗಡಿನಾಡಿನವರಾದ ನಮಗೆ ಆ ಒಂದು ಸಾಲಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಐವತ್ತು ಸಾವಿರದ ಸಾಲಕ್ಕೇ ಇಷ್ಟು ಎಚ್ಚರವಿರುವಾಗ, ಒಂದು ದೇಶದ ಆರೋಗ್ಯದ ಮಸೂದೆಗೆ ಕೆಲವು ಗಂಟೆ ಸಾಕೇ?

ಆ ಸೋಲಿನ ನಂತರ, 2017ರ ಸೆಪ್ಟೆಂಬರಿನಲ್ಲಿ, ರಿಪಬ್ಲಿಕನ್ ಲಮಾರ್ ಅಲೆಕ್ಸಾಂಡರ್ ಮತ್ತು ಡೆಮಾಕ್ರಾಟ್ ಪ್ಯಾಟಿ ಮರ್ರೆ ಜೊತೆಗೂಡಿ ನಾಲ್ಕು ಬಹಿರಂಗ ವಿಚಾರಣೆ ನಡೆಸಿದರು. ರಾಜ್ಯಪಾಲರು, ವಿಮಾ ಆಯುಕ್ತರು ಬಂದು ಸಾಕ್ಷ್ಯ ನುಡಿದರು. ಅಕ್ಟೋಬರಿನಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೂ ಬಂದರು. ಅದು ಕಾನೂನಾಗಲಿಲ್ಲ. ಆದರೆ ಅಲ್ಲಿ ಯಾರು ಏನು ಹೇಳಿದರೆಂಬುದನ್ನು ಯಾರು ಬೇಕಾದರೂ ಇಂದಿಗೂ ತೆಗೆದು ಓದಬಹುದು.